ಫ್ಲಿಂಚ್ ಎಂಬ ಪದಕ್ಕೆ ಸಾಕ್ಷಿ

ಫೆಬ್ರವರಿ 9

ಅಪ್ಪಾ,

ಐದು ವರ್ಷಗಳ ನಂತರ ಬರೆಯುತ್ತಿದ್ದೇನೆ. ಕೆಲಸದ ಮೇಲೆ ಬರೆಯುತ್ತಿರುವುದರಿಂದ ಕುಶಲಪ್ರಶ್ನೆಗಳನ್ನು ಬಿಡುತ್ತೇನೆ. ಅದು ನಮ್ಮಿಬ್ಬರಿಗೂ ಬಾರದ ವಿದ್ಯೆ.

ನಾನೀಗ ಒಂದು ನಿಘಂಟು ಕಚೇರಿಯಲ್ಲಿದ್ದೇನೆ. ಇಂಗ್ಲಿಷ್ ಕಲಿಯುವ ನಮ್ಮವರಿಗಾಗಿ ಒಂದು ದೊಡ್ಡ ಪುಸ್ತಕ ತಯಾರಾಗುತ್ತಿದೆ. ಒಂದೊಂದು ಪದಕ್ಕೂ ಒಂದು ಕಾರ್ಡು. ಮೇಲೆ ಪದ, ಕೆಳಗೆ ಅರ್ಥ, ಬಳಕೆಯ ಎರಡು ವಾಕ್ಯ, ಕೊನೆಯಲ್ಲಿ ಅದರ ನೆಂಟ ಪದಗಳು ಮತ್ತು ಅವುಗಳ ನಡುವಿನ ವ್ಯತ್ಯಾಸ. ನಮ್ಮ ಸಂಪಾದಕರದು ಒಂದು ಹಟ: ಬಳಕೆಯ ವಾಕ್ಯವನ್ನು ಕುಳಿತಲ್ಲಿ ಹೊಸೆಯಬಾರದು. ಯಾರೋ ಒಬ್ಬರು ಕಣ್ಣಾರೆ ಕಂಡದ್ದಾಗಿರಬೇಕು, ಕಂಡವರು ಯಾರೆಂದು ಕಾರ್ಡಿನ ಬೆನ್ನಿಗೆ ಬರೆಯಬೇಕು. ಹೋದ ವಾರ ‘ಡ್ರೌನ್’, ಅಂದರೆ ನೀರಲ್ಲಿ ಮುಳುಗಿ ಸಾಯು, ಎಂಬ ಪದಕ್ಕೆ ಸಾಕ್ಷಿ ಹುಡುಕಿಕೊಂಡು ದೋಣಿಯವನ ಮನೆಗೆ ಹೋಗಿದ್ದೆ. “ನೀವು ಪೊಲೀಸಾ?” ಅಂದ. “ಅಲ್ಲ, ನಿಘಂಟು” ಅಂದೆ. ಆಮೇಲೆ ಇನ್ನೂ ಹೆದರಿದ.

ಈ ವಾರ ನನ್ನ ಪಾಲಿಗೆ ಬಂದಿರುವುದು ‘ಫ್ಲಿಂಚ್’. ಹಳೆಯ ನಿಘಂಟುಗಳು ಇದಕ್ಕೆ ‘ಹಿಂಜರಿ’ ಅನ್ನುತ್ತವೆ. ಹಿಂಜರಿಯುವವನಿಗೆ ಯೋಚಿಸಲು ಪುರುಸೊತ್ತಿರುತ್ತದೆ. ಫ್ಲಿಂಚ್ ಆಗುವವನಿಗೆ ಇರುವುದಿಲ್ಲ. ‘ಬೆಚ್ಚಿಬೀಳು’ ಅನ್ನೋಣವೆಂದರೆ, ಅದು ಸದ್ದಿಗೂ ಆಗುತ್ತದೆ, ಕನಸಿಗೂ ಆಗುತ್ತದೆ. ಏಟು ಬರುತ್ತಿದೆ ಎಂದು ಗೊತ್ತಾದ ಕ್ಷಣ, ಅದು ತಗಲುವ ಮೊದಲೇ, ಮೈ ನಮ್ಮನ್ನು ಕೇಳದೆ ಮಾಡುವ ಕೆಲಸ ಇದು. ಏಟಿನ ವಿಷಯದಲ್ಲಿ ನಿಮಗಿಂತ ಹೆಚ್ಚು ಕಂಡವರು ನನಗೆ ಗೊತ್ತಿಲ್ಲ. ಮೂವತ್ತು ವರ್ಷದಿಂದ ಜನರಿಗೆ ಬಾಕ್ಸಿಂಗ್ ಹೇಳಿಕೊಡುತ್ತಿದ್ದೀರಿ, ಹೊಡೆಯುವುದನ್ನೂ, ಹೊಡೆಸಿಕೊಳ್ಳುವುದನ್ನೂ. ಏಟಿಗೆ ಮುಂಚೆ ಮನುಷ್ಯನ ಮೈಯಲ್ಲಿ ಏನೇನಾಗುತ್ತದೆ, ಬರೆದು ಕಳಿಸಿ.

ನಾನು ಹೇಳದೆ ಹೊರಟುಬಂದದ್ದರ ಬಗ್ಗೆ ಈ ಪತ್ರದಲ್ಲಿ ಏನೂ ಇಲ್ಲ.

ಇಂತಿ,
ನಿಮ್ಮ ಮಗ


ಫೆಬ್ರವರಿ 21

ಅಣ್ಣಾ,

ಕೈಬರಹ ನೋಡಿ ಗಾಬರಿಯಾಗಬೇಡ, ನಾನು, ಗುಬ್ಬಿ. ಅಪ್ಪನ ಕೈಗೆ ಈಗ ಪೆನ್ನು ನಿಲ್ಲುವುದಿಲ್ಲ. ಹಳೆಯ ಮುರಿತಗಳೆಲ್ಲ ಸೇರಿ ಗೆಣ್ಣುಗಳು ಕಲ್ಲಾಗಿವೆ. ಓದಲು ಕುಳಿತರೆ ಅಕ್ಷರಗಳು ಕುಣಿಯುತ್ತವಂತೆ. ಹಾಗಾಗಿ ಓದುವವಳೂ ನಾನೇ, ಬರೆಯುವವಳೂ ನಾನೇ. ನಿನ್ನ ಪತ್ರವನ್ನು ಎರಡು ಸಲ ಓದಿಸಿದರು. “ಐದು ವರ್ಷ ಆದ್ಮೇಲೆ ಒಂದು ಪದ ಕೇಳ್ತಾನೆ ನೋಡು, ಮಹಾನುಭಾವ” ಅಂದರು. ಇನ್ನು ಮುಂದಿನದು ಅಪ್ಪ ಹೇಳಿದ್ದು. ಕಂಸದೊಳಗಿರುವುದು ನನ್ನದು.

ದೊಡ್ಡವನೇ,

ನಿನ್ನ ಇಂಗ್ಲಿಷು ನನಗೆ ಗೊತ್ತಿಲ್ಲ. ಮೈ ಗೊತ್ತು. ಬರೆದುಕೋ.

ಹೊಸಬನನ್ನು ನಿಲ್ಲಿಸಿ ಅವನ ಮುಖಕ್ಕೆ ಒದ್ದೆ ಟವೆಲ್ ಬೀಸುತ್ತೇನೆ. ತಗಲಲು ಗೇಣುದ್ದ ಇರುವಾಗ ಎಳೆದುಕೊಳ್ಳುತ್ತೇನೆ. ಮೊದಲು ರೆಪ್ಪೆ ಮುಚ್ಚುತ್ತದೆ. ಗದ್ದ ಒಳಗೆ ಹೋಗುತ್ತದೆ. ಹೆಗಲು ಕಿವಿಯ ಕಡೆ ಏರುತ್ತದೆ. ಇಷ್ಟೂ ಚಿಟಿಕೆ ಹೊಡೆಯುವಷ್ಟರಲ್ಲಿ. ಕಾಲು ಕದಲಿರುವುದಿಲ್ಲ. ಇದು ಒಂದು ಜಾತಿ, ನೀನು ಕೇಳುತ್ತಿರುವುದು ಇದೇ ಇರಬೇಕು. ಕಾಲು ಕದಲಿ, ಇಡೀ ಆಸಾಮಿ ಹಿಂದಕ್ಕೆ ಹಾರಿದರೆ ಅದು ಬೇರೆ. ಏಟು ಬಿದ್ದ ಮೇಲೆ ಮುಖ ಕಿವುಚಿಕೊಳ್ಳುವುದು ಇನ್ನೊಂದು. ಅದಕ್ಕೆ ನಾನು ಬೈಯುವುದಿಲ್ಲ, ನೋವಾದಾಗ ನಗಲಿಕ್ಕಾಗುತ್ತದೆಯೇ. ನಾಲ್ಕನೆಯದು ಅಸಹ್ಯ. ಎರಡೂ ಕೈ ತಲೆ ಮೇಲಿಟ್ಟುಕೊಂಡು ಮುದುಡಿ ಕೂತು, ಹೊಡೆತ ನಿಂತರೂ ಏಳದಿರುವುದು. ಅಂಥವನನ್ನು ಅವತ್ತೇ ಮನೆಗೆ ಕಳಿಸುತ್ತೇನೆ.

ಮೊದಲನೆಯ ಜಾತಿಗೆ ಮದ್ದಿದೆ. ದಿನಕ್ಕೆ ಇನ್ನೂರು ಸಲ ಟವೆಲ್. ರೆಪ್ಪೆ ಮುಚ್ಚಿದರೆ ಮುಂದಿನದನ್ನು ಎಳೆದುಕೊಳ್ಳುವುದಿಲ್ಲ, ಮುಖಕ್ಕೇ ಬಿಡುತ್ತೇನೆ. ತುದಿಗೆ ಗಂಟು ಹಾಕಿರುತ್ತೇನೆ. ನಿನಗೆ ಗೊತ್ತಿರುವುದೇ. ಕ್ರೂರಿ ಅಂತ ಅನ್ನುವವರು ರಿಂಗಿನೊಳಗೆ ಬಂದು ನೋಡಲಿ. ಹೋದ ತಿಂಗಳು, ನನ್ನ ಹತ್ತಿರ ಕಲಿಯುವ ಒಬ್ಬ ಬಡಗಿ ಏಟು ಬರುವಾಗ ಕಣ್ಣು ಮುಚ್ಚಿದ. ತೆರೆದದ್ದು ನೆಲದ ಮೇಲೆ. ದವಡೆ ಎರಡು ಕಡೆ ಸೀಳಿತ್ತು, ಬಾಯಿಗೆ ಬೆರಳು ಹಾಕಿ ಹಲ್ಲು ತೆಗೆದೆ, ಎರಡು ಸಿಕ್ಕವು, ಮೂರನೆಯದನ್ನು ಅವನು ನುಂಗಿದ್ದ. (ಬಡಗಿಯ ಬಗ್ಗೆ ಇನ್ನೂ ಎರಡು ಮಾತು ಹೇಳಿದರು. ನಿನ್ನ ಪುಸ್ತಕಕ್ಕೆ ಹೊಂದುವಂಥವಲ್ಲ.)

ಸಾಕ್ಷಿ ಅಂತ ‘ಕೋಚ್’ ಎಂದು ಬರೆ. ಎಲ್ಲರಿಗೂ ಅಷ್ಟೇ ಗೊತ್ತಿರುವುದು.

ಅಪ್ಪ

(ಅಪ್ಪ ಎದ್ದು ಹೋದರು. ನಾನೂ ಈಗ ಆಡುತ್ತೇನೆ ಅಣ್ಣಾ. ನೀನು ಮೊಳೆಗೆ ನೇತುಹಾಕಿ ಹೋದ ಗ್ಲೌಸಿನಲ್ಲೇ ಕಲಿತೆ, ಒಳಗೆಲ್ಲ ನಿನ್ನ ಬೆವರಿನ ನಾತ. ಹೋದ ವರ್ಷ ಹೊಸದು ಬಂತು. ಹತ್ತೊಂಬತ್ತು ತುಂಬಿತು ನನಗೆ, ಗೊತ್ತಿತ್ತಾ?)


ಮಾರ್ಚ್ 5

ಅಪ್ಪಾ,

ನಿಮ್ಮ ಪತ್ರವನ್ನು ಸಂಪಾದಕರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಈ ಮನುಷ್ಯನ್ನ ಕೆಲಸಕ್ಕೆ ಇಟ್ಕೊಳ್ಳೋಣ ಕಣಯ್ಯ, ನಿನ್ನನ್ನ ಅಲ್ಲಿಗೆ ಕಳಿಸೋಣ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀವು ಹೇಳಿದ ನಾಲ್ಕು ಜಾತಿಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದ ಇದೆ. ರೆಪ್ಪೆ, ಗದ್ದ, ಹೆಗಲು, ಏಟಿಗೆ ಮುಂಚೆ: ಫ್ಲಿಂಚ್. ನೋವಾದ ಮೇಲೆ ಮುಖ ಕಿವುಚುವುದು ವಿನ್ಸ್. ಹಿಂದಕ್ಕೆ ಹಾರುವುದು ರಿಕಾಯ್ಲ್. ಗುಂಡು ಹಾರಿದಾಗ ಬಂದೂಕು ಹೆಗಲಿಗೆ ಒದೆಯುವುದಕ್ಕೂ ಅದೇ ಪದ. ಮುದುಡಿ ಕೂರುವುದು ಕೌವರ್. ಒಂದೊಂದಾಗಿ ಓದಿದಾಗ ಒಂದರಂತೆ ಇನ್ನೊಂದು ಕಾಣುತ್ತಿದ್ದ ಪದಗಳು ನಿಮ್ಮ ಟವೆಲಿನ ಮುಂದೆ ಸಾಲಾಗಿ ನಿಂತುಬಿಟ್ಟವು. ನಾನು ಅರ್ಥದ ಜಾಗದಲ್ಲಿ ‘ಏಟಿಗೆ ಮುಂಚೆ ಮೈ ಸೆಳೆದುಕೊಳ್ಳು’ ಎಂದು ಬರೆದಿದ್ದೇನೆ.

ಮೈಗಷ್ಟೇ ಅಲ್ಲ, ಈ ಪದ ಮನಸ್ಸಿಗೂ ಸಲ್ಲುತ್ತದೆ. ಮಾಡಬೇಕಾದ ಕೆಲಸದಿಂದ, ಆಡಬೇಕಾದ ಮಾತಿನಿಂದ ಒಬ್ಬ ಫ್ಲಿಂಚ್ ಆಗಬಹುದು. ಅದಕ್ಕೆ ಸಾಕ್ಷಿ ನಾನೇ ಹುಡುಕಿಕೊಳ್ಳುತ್ತೇನೆ.

ಒಂದು ವಾಕ್ಯ ಬಾಕಿ ಇದೆ. ಇಂಗ್ಲಿಷಿನವರು ಈ ಪದವನ್ನು ಬಹಳ ಸಲ ‘ಇಲ್ಲ’ ಸೇರಿಸಿಯೇ ಬಳಸುತ್ತಾರೆ. ಕತ್ತಿ ಕುತ್ತಿಗೆಗೆ ಬಂದರೂ ಅವನು ಫ್ಲಿಂಚ್ ಆಗಲಿಲ್ಲ, ಹೀಗೆ. ಏಟು ಬರುತ್ತಿದ್ದರೂ ರೆಪ್ಪೆ ಕದಲಿಸದೆ ನಿಂತವರನ್ನು ನೀವು ಕಂಡಿದ್ದೀರಾ? ನಿಜವಾಗಿ, ನಿಮ್ಮ ಕಣ್ಣೆದುರು? ಇದ್ದರೆ ಯಾವಾಗ, ಹೇಗೆ ಎಂದು ತಿಳಿಸಿ.

ಗುಬ್ಬಿಗೆ: ಗೊತ್ತಿತ್ತು. ಮೊಳೆಗೆ ನೇತುಹಾಕಿದ್ದು ನೀನು ಹಾಕಿಕೊಳ್ಳಲಿ ಎಂದಲ್ಲ.

ಇಂತಿ,
ನಿಮ್ಮ ಮಗ


ಮಾರ್ಚ್ 18

ದೊಡ್ಡವನೇ,

ಕಂಡಿದ್ದೇನೆ. ದಿನಾ ಕಾಣುತ್ತಿದ್ದೇನೆ. ನಿನ್ನ ತಂಗಿ. (ಇದನ್ನು ನನ್ನ ಕೈಯಲ್ಲೇ ಬರೆಸುತ್ತಿದ್ದಾರೆ, ನಾಚಿಕೆಯಾಗುತ್ತದೆ.)

ಅವಳೂ ಮೊದಲು ಎಲ್ಲರ ಹಾಗೇ ಇದ್ದಳು. ಟವೆಲ್ ಕೈಗೆ ತೆಗೆದುಕೊಂಡರೆ ಸಾಕು, ರೆಪ್ಪೆ ಪಟಪಟ. ಈ ಜನವರಿ ಕಳೆಯುವ ಹೊತ್ತಿಗೆ ಎಡಗಡೆಯಿಂದ ಬೀಸಿದರೆ ಕಣ್ಣು ಮಿಟುಕಿಸುವುದು ನಿಂತುಹೋಯಿತು. ಬಲಗಡೆ ಇನ್ನೂ ಸ್ವಲ್ಪ ಇದೆ. ಎಡಗಡೆ ಏನೂ ಇಲ್ಲ, ಬೊಂಬೆಯ ಹಾಗೆ ನಿಲ್ಲುತ್ತಾಳೆ. ಕಿವಿಯ ಪಕ್ಕದಿಂದ ಬರಲಿ, ಕೆಳಗಿನಿಂದ ಬರಲಿ, ಒಂದು ಕೂದಲು ಅಲ್ಲಾಡುವುದಿಲ್ಲ. ಹೊಸಬರನ್ನು ಕರೆದು ತೋರಿಸುತ್ತೇನೆ. “ನೋಡ್ರೋ, ಗುಬ್ಬಿ ಅಂತ ಕರೀತೀರಲ್ಲ, ನೋಡ್ಕೊಳ್ರೋ” ಅನ್ನುತ್ತೇನೆ.

ಹನ್ನೊಂದನೇ ತಾರೀಕು ಸೆಮಿಫೈನಲ್ ಆಯಿತು. ಎದುರಾಳಿ ಒಬ್ಬ ಲಾರಿ ಮೆಕ್ಯಾನಿಕ್ಕಿನ ಮಗಳು, ಇವಳಿಗಿಂತ ಗೇಣು ಎತ್ತರ, ಬಲಗೈ ಸುತ್ತಿಗೆ. ಮೊದಲ ರೌಂಡಿನಲ್ಲಿ ಆ ಬಲಗೈ ಇವಳ ಎಡ ಹುಬ್ಬಿಗೆ ಐದು ಸಲ ಬಂತು, ಐದೂ ತಗಲಿದವು. ಹುಬ್ಬು ಬಿರಿದು ಬಾಯಿ ಬಿಟ್ಟಿತು. ರಕ್ತ ಕಣ್ಣಿಗೆ ಇಳಿದು, ಗದ್ದದಿಂದ ತೊಟ್ಟಿಕ್ಕಿ, ಕ್ಯಾನ್ವಾಸಿನ ಮೇಲೆ ಇವಳ ಹೆಜ್ಜೆಗಳು ಒಂದೊಂದೂ ಮೂಡಿದ್ದವು. ಒಂದೇ ಒಂದು ಸಲವೂ ಮುಖ ಆಚೆ ತೆಗೆಯಲಿಲ್ಲ. ಜನ ಎದ್ದು ನಿಂತರು. ಮೂರನೇ ರೌಂಡಿನಲ್ಲಿ ಪಕ್ಕೆಲುಬಿಗೆ ಎಡಗೈ ಕೊಟ್ಟಳು, ಒಳಗೆ ಏನೋ ಮುರಿದ ಸದ್ದು ನನಗೆ ಮೂಲೆಯವರೆಗೂ ಕೇಳಿಸಿತು. ಆ ಹುಡುಗಿ ಮಂಡಿಯೂರಿ ಹಾಗೇ ವಾಂತಿ ಮಾಡಿಕೊಂಡಿತು. ಗೆದ್ದೆವು.

ಫೈನಲ್ ಏಪ್ರಿಲ್ 20ಕ್ಕೆ. ಗೆದ್ದರೆ ರಾಷ್ಟ್ರೀಯ ತಂಡ. ನಿನ್ನ ಕೈಯಲ್ಲಿ ಆಗದೇ ಹೋದದ್ದು.

ಇದಕ್ಕಿಂತ ಒಳ್ಳೆಯ ವಾಕ್ಯ ಬೇಕೇ ನಿನಗೆ?

ಅಪ್ಪ


ಮಾರ್ಚ್ 24

ಅಪ್ಪಾ,

ಮೊದಲೆರಡು ಹಾಳೆಯಲ್ಲಿ ಕಾರ್ಡಿನ ನಕಲಿದೆ, ಹೇಗಿದೆ ನೋಡಿ ಹೇಳಿ. ನಾನು ಬರೆಯಬೇಕಾದದ್ದು ಈ ಮೂರನೆಯ ಹಾಳೆಯಲ್ಲಿದೆ. ಗುಬ್ಬೀ, ಅಪ್ಪನಿಗೆ ಓದಿ ಹೇಳುವಾಗ ಇದರಲ್ಲಿ ಒಂದಕ್ಷರವನ್ನೂ ಬಿಡಬೇಡ.

ನನ್ನ ಎಡಗಣ್ಣಿಗೆ ಏನೂ ಕಾಣುವುದಿಲ್ಲ. ನೀವು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ನಾನು ಮನೆ ಬಿಟ್ಟ ವರ್ಷ ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಟವೆಲಿನ ಗಂಟು ನೇರ ಗುಡ್ಡೆಗೆ ಬಿತ್ತು. ನಿಮಗೆ ನೆನಪಿರಲಾರದು, ಅಂದು ಬಿದ್ದ ನೂರರಲ್ಲಿ ಅದೂ ಒಂದು. ಎರಡು ದಿನ ಕಣ್ಣಿನ ಮುಂದೆ ಕಪ್ಪು ಚುಕ್ಕಿಗಳು ತೇಲಿದವು. ಆಮೇಲೆ ಪಕ್ಕದಿಂದ ಮಿಂಚು. ಆಮೇಲೆ ಎಡಗಡೆಯಿಂದ ಒಂದು ಪರದೆ ದಿನಕ್ಕಿಷ್ಟು ಎಳೆದುಕೊಳ್ಳುತ್ತ ಬಂತು. ಪರದೆ ಬಂದ ಕಡೆಯಿಂದ ನೀವು ಬೀಸುತ್ತಿದ್ದ ಟವೆಲು ನನಗೆ ಕಾಣುತ್ತಿರಲಿಲ್ಲ. ಕಾಣದಿದ್ದಕ್ಕೆ ರೆಪ್ಪೆ ಮುಚ್ಚುತ್ತಿರಲಿಲ್ಲ. ನೀವು ಎಲ್ಲರನ್ನೂ ಕರೆದು ತೋರಿಸಿದಿರಿ. “ನೋಡ್ರೋ, ನನ್ನ ಮಗ” ಅಂದಿರಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬಗ್ಗೆ ನೀವು ಹಾಗೆ ಅಂದದ್ದು ಅದೇ ಮೊದಲು. ಅದಕ್ಕೇ ನಾನು ಬಾಯಿಬಿಡಲಿಲ್ಲ. ಎರಡು ತಿಂಗಳು ಆ ಹೊಗಳಿಕೆಯ ಮೇಲೆ ಬದುಕಿದೆ. ವೈದ್ಯರ ಹತ್ತಿರ ಹೋಗುವ ಹೊತ್ತಿಗೆ ಕಣ್ಣಿನ ಹಿಂಗೋಡೆಯ ಪೊರೆ ಪೂರ್ತಿ ಕಿತ್ತು ಬಂದಿತ್ತು. ಅರ್ಧ ಕಿತ್ತಾಗ ಬಂದಿದ್ದರೆ ಅಂಟಿಸಬಹುದಿತ್ತು ಅಂದರು. ಮನೆಗೆ ಬಂದು ಗ್ಲೌಸ್ ಮೊಳೆಗೆ ಹಾಕಿ ಹೊರಟುಹೋದೆ.

ಗುಬ್ಬಿಗೆ ಧೈರ್ಯ ಬಂದಿಲ್ಲ. ಅವಳಿಗೆ ಎಡಗಡೆ ಕಾಣುತ್ತಿಲ್ಲ. ಐದು ಏಟಿಗೂ ಮುಖ ತೆಗೆಯದಿದ್ದದ್ದು ಏಟು ಬರುವುದೇ ಗೊತ್ತಾಗದ್ದಕ್ಕೆ. ಬಾಗಿಲು ದಾಟುವಾಗ ಎಡ ಹೆಗಲು ತಗುಲಿಸಿಕೊಳ್ಳುತ್ತಾಳೆಯೇ? ಲೋಟದ ಪಕ್ಕಕ್ಕೆ ನೀರು ಸುರಿಯುತ್ತಾಳೆಯೇ? ನೋಡಿ. ಬಲಗಡೆ ರೆಪ್ಪೆ ಇನ್ನೂ ಮುಚ್ಚುತ್ತದೆ ಅಂದಿರಲ್ಲ, ಕಾಣುವ ಕಣ್ಣು ಮಾಡುವುದು ಅದನ್ನೇ. ಫೈನಲ್‌ನಲ್ಲಿ ಇನ್ನೊಂದು ಸುತ್ತಿಗೆ ಬಿದ್ದರೆ ಮುಗಿಯಿತು. ಅವಳನ್ನು ಇವತ್ತೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಂತಿ,
ನಿಮ್ಮ ಮಗ


ಏಪ್ರಿಲ್ 2

ಅಣ್ಣಾ,

ಇದು ಅಪ್ಪ ಹೇಳಿ ಬರೆಸಿದ್ದಲ್ಲ. ಕಂಸ ಇಲ್ಲ.

ಮೂರನೆಯ ಹಾಳೆಯನ್ನು ನಾನು ಓದಲಿಲ್ಲ. ಅಂದರೆ, ಓದಿದೆ, ಬಾಯಿಬಿಟ್ಟು ಓದಲಿಲ್ಲ. ಕಾರ್ಡಿನ ನಕಲು ಓದಿದೆ, ಅಪ್ಪನಿಗೆ ಖುಷಿಯಾಯಿತು, “ಮೈ ಸೆಳೆದುಕೊಳ್ಳು, ಸರಿಯಾಗಿ ಹಾಕಿದಾನೆ” ಅಂದರು. ಆಮೇಲೆ ‘ಇಂತಿ ನಿಮ್ಮ ಮಗ’ ಅಂದುಬಿಟ್ಟೆ.

ನೀನು ಹೇಳಿದ್ದು ಸರಿ. ಚುಕ್ಕಿ, ಮಿಂಚು, ಪರದೆ, ಎಲ್ಲ ಅದೇ ಕ್ರಮದಲ್ಲಿ. ನನ್ನ ಪರದೆ ಮೂಗಿನವರೆಗೆ ಬಂದಿಲ್ಲ, ಅರ್ಧಕ್ಕೆ ನಿಂತಿದೆ. ಪಂದ್ಯ ನಡೆಸುವ ಸಮಿತಿಯ ವೈದ್ಯರು ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿ ಓದಿಸುತ್ತಾರಲ್ಲ, ಅದನ್ನು ಬಲಗಣ್ಣಿನಲ್ಲಿ ನೋಡಿ ಬಾಯಿಪಾಠ ಮಾಡಿದ್ದೇನೆ. ಕೊನೆಯ ಸಾಲನ್ನು ತಿರುಗುಮುರುಗಾಗಿಯೂ ಹೇಳಬಲ್ಲೆ. ಹೋದ ಸಲ “ಭೇಷ್, ಹದ್ದಿನ ಕಣ್ಣು” ಅಂದರು.

ಯಾಕೆ ಅಂತ ಕೇಳಬೇಡ. ನಿನಗೆ ಎರಡು ತಿಂಗಳು ಸಿಕ್ಕಿದ್ದು ನನಗೂ ಸಿಗುತ್ತಿದೆ, ಅಷ್ಟೇ. ಆದರೆ ನಿನ್ನ ಹಾಗೆ ಬಿಟ್ಟು ಹೋಗುವವಳಲ್ಲ ನಾನು. ನೀನು ಹೋದ ಮರುದಿನ ಅಪ್ಪ ಟವೆಲ್ ನೆನೆಸಿ ಹಿಂಡಿ, ಯಾರನ್ನು ಕರೆಯುವುದು ಅಂತ ಸುತ್ತ ನೋಡಿದರು. ನಾನೇ ಹೋಗಿ ನಿಂತೆ. ಹದಿನಾಲ್ಕು ನನಗೆ. ನಿನ್ನ ಪಾಲಿನದನ್ನೂ ಸೇರಿಸಿ ಐದು ವರ್ಷ ತಿಂದಿದ್ದೇನೆ. ತುಟಿ ಮೂರು ಸಲ ಹೊಲಿದಿದೆ, ಮೂಗು ಒಂದು ಸಲ ಕೂರಿಸಿದೆ. ಇಷ್ಟು ತಿಂದ ಮೇಲೆ ಒಂಬತ್ತು ನಿಮಿಷ ಉಳಿದಿದೆ ಅಣ್ಣಾ. ಮೂರು ರೌಂಡ್. ಅದು ಮುಗಿದ ಮರುದಿನವೇ ಆಸ್ಪತ್ರೆಗೆ ಹೋಗುತ್ತೇನೆ, ನಿನ್ನಾಣೆ.

ನೀನು ಐದು ವರ್ಷ ಸುಮ್ಮನಿದ್ದೆ. ಇನ್ನು ಹದಿನೆಂಟು ದಿನ ಸುಮ್ಮನಿರುವುದು ನಿನಗೇನು ಕಷ್ಟ?

ಗುಬ್ಬಿ


ಏಪ್ರಿಲ್ 7

ಗುಬ್ಬೀ,

ನಾನು ಸುಮ್ಮನಿದ್ದದ್ದು ನನ್ನ ಕಣ್ಣಿನ ವಿಷಯ ಅಂದುಕೊಂಡಿದ್ದೆ. ಆ ಗಂಟು ಮುಂದೆ ಯಾರ ಮುಖಕ್ಕೆ ಬೀಳುತ್ತದೆ ಎಂದು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿ, ಮುಖ ತಿರುಗಿಸಿಕೊಂಡೆ. ಇನ್ನೊಂದು ಸಲ ಹಾಗೆ ಮಾಡಲಾರೆ.

ಹದಿನೈದನೇ ತಾರೀಕಿನವರೆಗೆ ಕಾಯುತ್ತೇನೆ. ಅಷ್ಟರೊಳಗೆ ಅಪ್ಪನಿಗೆ ನೀನೇ ಹೇಳು. ಇಲ್ಲದಿದ್ದರೆ ಸಮಿತಿಗೆ ನಾನು ಬರೆಯುತ್ತೇನೆ. ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಅನ್ನು, ಪರವಾಗಿಲ್ಲ. ಆದರೆ ಎರಡೂ ಕಣ್ಣು ಉಳಿಸಿಕೊಂಡು ನೋಡದಿರು.

ಅಣ್ಣ


ಏಪ್ರಿಲ್ 12

ದೊಡ್ಡವನೇ,

ನನ್ನ ಕೈಯಿಂದಲೇ ಬರೆದಿದ್ದೇನೆ. ಬೆಳಗ್ಗೆ ಶುರು ಮಾಡಿದ್ದು. ಪೆನ್ನನ್ನು ಬೆರಳಿಗೆ ಬ್ಯಾಂಡೇಜಿನಲ್ಲಿ ಕಟ್ಟಿಕೊಂಡಿದ್ದೇನೆ. ಅಕ್ಷರ ನೋಡಿ ನಗಬೇಡ.

ನಿನ್ನ ಹೋದ ಪತ್ರವನ್ನು ಗುಬ್ಬಿ ಓದಿದಾಗ ಹಾಳೆ ಮೂರಿದ್ದವು. ಓದಿದ್ದು ಎರಡೂವರೆ ನಿಮಿಷ. ಮೂವತ್ತು ವರ್ಷ ಗಂಟೆ ಹೊಡೆದವನು ನಾನು, ನಿಮಿಷ ನನಗೆ ಗಡಿಯಾರ ನೋಡದೆ ಗೊತ್ತಾಗುತ್ತದೆ. ಮೂರು ಹಾಳೆಗೆ ಅಷ್ಟು ಸಾಲದು. ಅದೂ ಹೋಗಲಿ. ಮೂರನೇ ಹಾಳೆ ತಿರುಗಿಸಿದಳು. ರೆಪ್ಪೆ ಮುಚ್ಚಿತು, ಗದ್ದ ಒಳಗೆ ಹೋಯಿತು, ಹೆಗಲು ಏರಿತು. ನಾನು ಗೋಡೆಗೆ ಒರಗಿ ಕೂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ.

ಏನಿತ್ತು ಅಂತ ಅವಳನ್ನು ಕೇಳಲಿಲ್ಲ. ಹತ್ತು ದಿನ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ ಅನ್ನಿಸಿತು. ಟವೆಲ್ ಮಾತ್ರ ಬೀಸಲಿಲ್ಲ. “ಯಾಕಪ್ಪಾ, ಸೋಮಾರಿ ಆದೆಯಾ?” ಅಂದಳು. ಕೈ ನೋಯುತ್ತದೆ ಅಂದೆ.

ಮೊನ್ನೆ ಅವಳು ಓಡಲು ಹೋದಾಗ ಅವಳ ಚೀಲ ತೆಗೆದೆ. ಆ ಹಾಳೆಯನ್ನೂ, ನೀನು ಆಮೇಲೆ ಅವಳಿಗೆ ಬರೆದ ನಾಲ್ಕು ಸಾಲನ್ನೂ ಬ್ಯಾಂಡೇಜ್ ಸುರುಳಿಯ ಒಳಗೆ ಸುತ್ತಿಟ್ಟಿದ್ದಳು. ಒಂದು ಹಾಳೆ ಓದಲು ಮಧ್ಯಾಹ್ನ ಪೂರ್ತಿ ಹಿಡಿಯಿತು. ಅಕ್ಷರ ಕುಣಿಯುತ್ತಿದ್ದವು, ಬೆರಳಿನಿಂದ ಒತ್ತಿ ಹಿಡಿದು ಓದಿದೆ. ನೀನು ಬರೆದ ಆ ಮಧ್ಯಾಹ್ನ ನನಗೆ ನೆನಪಿಲ್ಲ. ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಿನ್ನನ್ನು ಹೊಗಳಿದ್ದು ನೆನಪಿದೆ.

ನಿನ್ನೆ ಅವಳು ಬೆಂಚಿನ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು. ಎಡಗಡೆಯಿಂದ ಹೋಗಿ ಬರಿಗೈಯನ್ನು ಅವಳ ಕೆನ್ನೆಯ ಹತ್ತಿರ ತಂದೆ. ಬೆರಳಿಗೂ ಕೂದಲಿಗೂ ಒಂದು ಇಂಚು. ಅವಳು ಶಿಳ್ಳೆ ಹಾಕುತ್ತಿದ್ದಳು. ಮನಸ್ಸಿನಲ್ಲೇ ಎಣಿಸಿದೆ. ಹತ್ತು ಎಣಿಸಿದರೆ ನಮ್ಮಲ್ಲಿ ಆಟ ಮುಗಿದ ಹಾಗೆ. ಹತ್ತಾಯಿತು. ಇಪ್ಪತ್ತಾಯಿತು. ಅವಳು ಒಂದು ಶೂ ಕಟ್ಟಿ ಇನ್ನೊಂದಕ್ಕೆ ಕೈ ಹಾಕಿದಳು. ಶಿಳ್ಳೆ ನಿಲ್ಲಲಿಲ್ಲ. ಆಮೇಲೆ ಬಲಗಡೆ ಹೋಗಿ ಒಂದು ಬೆರಳು ಎತ್ತಿದೆ, ಅಷ್ಟಕ್ಕೇ ತಿರುಗಿ, “ಏನಪ್ಪಾ, ಹೆದರಿಸ್ತೀಯಾ?” ಅಂತ ನಕ್ಕಳು. ಹುಬ್ಬಿನ ಹೊಲಿಗೆಯ ಕಲೆ ಇನ್ನೂ ಬಿಗಿಯಾಗಿದೆ. ನಗುವಾಗ ಎಳೆಯುತ್ತದೆ.

ನನ್ನ ಕೈ ಕೆಳಗೆ ಎಷ್ಟು ಜನ ಹಾದುಹೋದರು ಅಂತ ಲೆಕ್ಕ ಇಟ್ಟಿಲ್ಲ. ಅವರಲ್ಲಿ ಎಷ್ಟು ಜನರನ್ನು ಧೈರ್ಯವಂತರು ಅಂತ ಕರೆದು ತೋರಿಸಿದೆನೋ. ಒಬ್ಬೊಬ್ಬರದೇ ಮುಖ ಬರುತ್ತದೆ. ಕಲಾಯಿಗಾರ ಇದ್ದ, ಅಂಚೆಯವನ ತಮ್ಮ ಇದ್ದ. ಅವರೆಲ್ಲ ಈಗ ಎಲ್ಲಿದ್ದಾರೋ ಗೊತ್ತಿಲ್ಲ.

ನೀನು ಸಮಿತಿಗೆ ಬರೆಯಬೇಡ. ನಾನು ಹೋಗುತ್ತೇನೆ. ನಾಳೆ ಒಂಬತ್ತಕ್ಕೆ ವೈದ್ಯರು ಬರುತ್ತಾರೆ, ಫೈನಲ್‌ನವರ ತೂಕ ಮತ್ತು ಕಣ್ಣಿನ ಪರೀಕ್ಷೆ ಇದೆ. ಅಕ್ಷರದ ಹಲಗೆಯ ಮುಂದೆ ಅವಳು ನಿಲ್ಲುವ ಮೊದಲೇ ನಾನು ಮಾತಾಡುತ್ತೇನೆ. ಎಡಗಣ್ಣು ಹೋಗುತ್ತಿದೆ ಅನ್ನುತ್ತೇನೆ. ಹೇಗೆ ಅಂತ ಕೇಳಿದರೆ ನನ್ನ ಟವೆಲಿನಿಂದ ಅನ್ನುತ್ತೇನೆ. ಕೇಳದಿದ್ದರೂ ಅನ್ನುತ್ತೇನೆ, ನಿನ್ನದನ್ನೂ ಸೇರಿಸಿ. ನನ್ನ ಪರವಾನಗಿ ಕಿತ್ತುಕೊಳ್ಳುತ್ತಾರೆ, ಜಿಮ್‌ಗೆ ಬೀಗ ಹಾಕುತ್ತಾರೆ. ಅದು ಅವರ ಕೆಲಸ. ಅಲ್ಲಿಂದ ನೇರ ಕಣ್ಣಿನ ಆಸ್ಪತ್ರೆಗೆ. ಬರಲ್ಲ ಅಂದರೆ ಎತ್ತಿಕೊಂಡು ಹೋಗುತ್ತೇನೆ, ಐವತ್ತೊಂದು ಕಿಲೋ, ನನಗೆ ಭಾರವಲ್ಲ.

ಅದಕ್ಕೂ ಮುಂಚೆ ಅವಳಿಗೆ ಹೇಳಬೇಕು. ಬೆನ್ನ ಹಿಂದೆ ಮಾಡುವುದಿಲ್ಲ ಅಂತ ನಿಶ್ಚಯ ಮಾಡಿದ್ದೇನೆ. ಇವತ್ತು ಓಡಿ ಬಂದ ಕೂಡಲೇ, ಶೂ ಬಿಚ್ಚುವ ಮೊದಲೇ. ಹೊಡೆಯುತ್ತಾಳೆ. ಹೊಡೆಯುವುದನ್ನು ಕಲಿಸಿದವನು ನಾನೇ, ಚೆನ್ನಾಗಿ ಕಲಿಸಿದ್ದೇನೆ.

ಈಗ ನಾಲ್ಕೂವರೆ. ಆರಕ್ಕೆ ಬರುತ್ತಾಳೆ.

ಅಪ್ಪ